ಇವತ್ತು ರೇಟ್ ಎಷ್ಟುಂಟು?

ನಮ್ಮ ಹಾಸ್ಟೆಲಿನ ಎರಡನೇ ಮಹಡಿಯಲ್ಲಿ ನಾವು ಮೂವರು ಗಲ್ಫ್ ಮಕ್ಕಳಿದ್ದೇವೆ. ಗಲ್ಫ್ ಮಕ್ಕಳು ಅಂದರೆ ಅಲ್ಲಿ ಹುಟ್ಟಿದವರಲ್ಲ. ಕುಂದಾಪುರ, ಕಾರ್ಕಳ, ಮೂಡುಬಿದಿರೆಯಲ್ಲಿ ಅಮ್ಮನ ಜೊತೆ ಬೆಳೆದು, ಅಪ್ಪನನ್ನು ವರ್ಷಕ್ಕೊಮ್ಮೆ ಮಂಗಳೂರು ಏರ್‌ಪೋರ್ಟಿನಿಂದ ಕರಕೊಂಡು ಬರುವವರು. ಒಬ್ಬನ ಅಪ್ಪ ದುಬೈಯಲ್ಲಿ, ಇನ್ನೊಬ್ಬನ ಅಪ್ಪ ಮಸ್ಕತ್ತಿನಲ್ಲಿ, ಮತ್ತೊಬ್ಬನ ಅಪ್ಪ ಸೌದಿಯ ಜುಬೈಲಿನಲ್ಲಿ. ಶಾಲೆಯ ಪುಸ್ತಕದಲ್ಲಿ ನಾವು 'ರೆಮಿಟೆನ್ಸ್' ಅಂತ ಓದಿದ್ದಕ್ಕೆ ನಮ್ಮ ಮನೆಯಲ್ಲಿ ಹೇಳುವುದು 'ದುಡ್ಡು ಹಾಕುವುದು' ಅಂತ. ನಮ್ಮ ಫೀಸು, ಮೆಸ್ ಬಿಲ್ಲು, ಲ್ಯಾಪ್‌ಟಾಪಿನ ಕಂತು ಎಲ್ಲ ಆ ದುಡ್ಡೇ.

ರೂಪಾಯಿ ಬಿತ್ತು ಅಂತ ಟಿವಿಯಲ್ಲಿ ಬಂದ ದಿನ ದೇಶಕ್ಕೆ ಬೇಜಾರು. ನಮ್ಮ ಮೂವರ ಫೋನೂ ಅವತ್ತೇ ರಿಂಗಾಗುತ್ತದೆ. "ಮಗಾ, ಇವತ್ತು ರೇಟ್ ಎಷ್ಟುಂಟು ನೋಡು." ಮೂರು ದೇಶ, ಮೂರು ಕರೆನ್ಸಿ, ಆದರೂ ಒಂದೇ ದಿನ ಯಾಕೆ? ಮೂರನ್ನೂ ಡಾಲರಿಗೆ ಕಟ್ಟಿ ಹಾಕಿದ್ದಾರೆ. ಒಂದು ಡಾಲರಿಗೆ 3.6725 ದಿರ್ಹಮ್, 3.75 ಸೌದಿ ರಿಯಾಲ್. ಒಮಾನಿನ ಒಂದು ರಿಯಾಲಿಗೆ ಸುಮಾರು 2.60 ಡಾಲರ್. ಇವು ಹತ್ತಾರು ವರ್ಷಗಳಿಂದ ಕದಲಿಲ್ಲ. ಹಾಗಾಗಿ ಡಾಲರ್ ಏರಿದರೆ ಮೂರೂ ಏರುತ್ತವೆ. 2013ರ ಆಗಸ್ಟಿನಲ್ಲಿ ಡಾಲರ್ 68 ರೂಪಾಯಿ ಮುಟ್ಟಿದಾಗ ದಿರ್ಹಮಿಗೆ ಹದಿನೆಂಟೂವರೆ ಸಿಗುತ್ತಿತ್ತು. 2022ರ ಅಕ್ಟೋಬರಿನಲ್ಲಿ ಡಾಲರ್ 83 ದಾಟಿದಾಗ ಇಪ್ಪತ್ತೆರಡೂವರೆ.

ಈ ದುಡ್ಡು ಬರುವ ದಾರಿ ನಮ್ಮಂಥ ಇಂಜಿನಿಯರಿಂಗ್‌ನವರಿಗೆ ಬೇಗ ಅರ್ಥ ಆಗುತ್ತದೆ. ಬ್ಯಾಂಕಿನಿಂದ ಕಳಿಸಿದರೆ ಹೆಚ್ಚಾಗಿ ಸ್ವಿಫ್ಟ್ ದಾರಿ. ಸ್ವಿಫ್ಟ್ ದುಡ್ಡನ್ನು ಸಾಗಿಸುವುದಿಲ್ಲ, ಬ್ಯಾಂಕಿನಿಂದ ಬ್ಯಾಂಕಿಗೆ ಮೆಸೇಜ್ ಸಾಗಿಸುತ್ತದೆ ಅಷ್ಟೇ. ಎರಡು ಬ್ಯಾಂಕುಗಳ ನಡುವೆ ನೇರ ಲೆಕ್ಕ ಇಲ್ಲದಿದ್ದರೆ ಮಧ್ಯೆ ಮತ್ತೊಂದು ಬ್ಯಾಂಕ್ ಬರುತ್ತದೆ, ಅದೂ ತನ್ನ ಪಾಲು ಕತ್ತರಿಸಬಹುದು. ಎಕ್ಸ್‌ಚೇಂಜ್ ಅಂಗಡಿಯ ದಾರಿ ಬೇರೆ. ಅವರು ಮೊದಲೇ ಭಾರತದ ಬ್ಯಾಂಕಿನಲ್ಲಿ ರೂಪಾಯಿ ಖಾತೆ ಇಟ್ಟಿರುತ್ತಾರೆ. ಅಪ್ಪ ಅಲ್ಲಿ ದಿರ್ಹಮ್ ಕೊಟ್ಟರೆ ಇಲ್ಲಿನ ಖಾತೆಯಿಂದ ರೂಪಾಯಿ ಅಮ್ಮನ ಖಾತೆಗೆ ಬೀಳುತ್ತದೆ. ಅಂದರೆ ಅಪ್ಪ ಕೊಟ್ಟ ನೋಟು ಕಡಲು ದಾಟುವುದೇ ಇಲ್ಲ.

ಇನ್ನು ಲೆಕ್ಕ. 'ಝೀರೋ ಫೀ' ಅಂತ ಬೋರ್ಡ್ ಹಾಕಿದವರು ಪುಕ್ಕಟೆ ಸೇವೆ ಮಾಡುತ್ತಿಲ್ಲ, ಖರ್ಚು ರೇಟಿನ ಒಳಗೇ ಉಂಟು. ಒಂದು ಕಡೆ ಫೀಸಿಲ್ಲ, ರೇಟು 22.50 ಅಂತಿಟ್ಟುಕೊಳ್ಳಿ. ಇನ್ನೊಂದು ಕಡೆ ಫೀಸು 20 ದಿರ್ಹಮ್, ರೇಟು 22.75. ಸಾವಿರ ದಿರ್ಹಮ್ ಕಳಿಸಿದರೆ ಮೊದಲನೆಯದರಲ್ಲಿ 22,500 ರೂಪಾಯಿ, ಎರಡನೆಯದರಲ್ಲಿ 22,295. ಫೀಸಿಲ್ಲದ್ದೇ ಲಾಭ. ಮೂರು ಸಾವಿರ ಕಳಿಸಿದರೆ 67,500 ಮತ್ತು 67,795. ಈಗ ಫೀಸಿದ್ದದ್ದೇ ಲಾಭ. ಎರಡು ಗೆರೆ ಎಳೆದು ನೋಡಿದರೆ 1,820 ದಿರ್ಹಮಿನಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಹಾಗಾಗಿ "ಫೀಸೆಷ್ಟು?" ಅಂತ ಕೇಳಿ ಪ್ರಯೋಜನ ಇಲ್ಲ. "ಇಷ್ಟು ಕೊಟ್ಟರೆ ಊರಿಗೆ ಎಷ್ಟು ರೂಪಾಯಿ ಮುಟ್ಟುತ್ತದೆ?" ಅಂತಲೇ ಕೇಳಬೇಕು.

ನಾವು ಇದನ್ನೆಲ್ಲ ಎಕ್ಸೆಲ್ ಶೀಟ್ ಮಾಡಿ ಮೂರೂ ಅಪ್ಪಂದಿರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆವು. ಮೂವರೂ "ಒಳ್ಳೇದುಂಟು" ಅಂದರು. ಒಬ್ಬರೂ ದಾರಿ ಬದಲಿಸಲಿಲ್ಲ. ಕಾರಣ ಕೇಳಿದಾಗ ಅವರ ಲೆಕ್ಕದಲ್ಲಿ ನಮ್ಮ ಶೀಟಿನಲ್ಲಿ ಇಲ್ಲದ ಕಾಲಮ್ಮುಗಳು ಇದ್ದವು.

ದುಬೈ ಅಪ್ಪ ಹೋಗುವುದು ಕೌಂಟರಿನಲ್ಲಿ ತುಳು ಮಾತಾಡುವವರು ಕೂತಿರುವ ಎಕ್ಸ್‌ಚೇಂಜಿಗೆ. ದುಡ್ಡು ಎರಡು ದಿನ ತಡವಾದರೆ ಆ್ಯಪಿನ ಚಾಟ್‌ಬಾಟ್ ಹತ್ತಿರ ಜಗಳ ಮಾಡುವುದಕ್ಕಾಗುವುದಿಲ್ಲ ಅನ್ನುತ್ತಾರೆ. ಮಸ್ಕತ್ ಅಪ್ಪನದು ಎನ್‌ಆರ್‌ಇ ಖಾತೆ. ಅಲ್ಲಿ ದುಡಿದದ್ದು ಅದರಲ್ಲಿ ರೂಪಾಯಿಯಾಗಿ ಕೂರುತ್ತದೆ, ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ವಾಪಸ್ ಹೊರಗೂ ಒಯ್ಯಬಹುದು. ಮನೆಯ ಮಾಳಿಗೆಯ ಬಾಡಿಗೆ ಮಾತ್ರ ಎನ್‌ಆರ್‌ಒ ಖಾತೆಗೆ ಹೋಗುತ್ತದೆ. ಅದು ಭಾರತದ ಆದಾಯ, ಅದರ ಬಡ್ಡಿಗೆ ತೆರಿಗೆ ಉಂಟು.

ಜುಬೈಲ್ ಅಪ್ಪ ಬ್ಯಾಂಕನ್ನು ಆರಿಸಿದ್ದು ಅಮ್ಮನ ಕಾಲು ನೋಡಿ. ಮನೆಯಿಂದ ನಡೆದು ಹೋಗುವಷ್ಟು ದೂರ, ಪಾಸ್‌ಬುಕ್ ಬರೆದುಕೊಡುವವರು ಪರಿಚಯದವರು. ನಮ್ಮ ಕರಾವಳಿಯೇ ಬ್ಯಾಂಕುಗಳನ್ನು ಹೆತ್ತ ನೆಲ ಅಲ್ವಾ? ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಐದೂ ಮಂಗಳೂರು ಉಡುಪಿಯಲ್ಲಿ ಹುಟ್ಟಿದವು. 1928ರಲ್ಲಿ ಪಿಗ್ಮಿ ಶುರುವಾಗಿ ಏಜೆಂಟರು ಮನೆ ಬಾಗಿಲಿಗೇ ಬಂದು ದಿನದ ಪುಡಿಗಾಸು ಕಟ್ಟಿಸಿಕೊಂಡು ಹೋಗುತ್ತಿದ್ದರು. 2019ರಲ್ಲಿ ವಿಜಯ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಬೋರ್ಡು ಬದಲಾಯಿತು, ಆಮೇಲೆ ಐಎಫ್‌ಎಸ್‌ಸಿ ಕೋಡೂ ಬದಲಾಯಿತು. ಹನ್ನೊಂದು ಅಕ್ಷರದ ಆ ಹೊಸ ಕೋಡನ್ನು ಅಮ್ಮ ಫೋನಿನಲ್ಲಿ ಜುಬೈಲಿಗೆ ಒಂದೊಂದೇ ಓದಿ ಹೇಳಿದರು. "ಐದನೇದು ಸೊನ್ನೆ, ಓ ಅಲ್ಲ. ಸೊನ್ನೆ. ಬರಕೊಂಡ್ರಾ?"

ನೀವೂ ಒಂದು ದಿನ ಹೀಗೆ ಕಳಿಸುವವರೇ. ಜರ್ಮನಿಗೆ ಎಂಎಸ್ ಮಾಡಲು ಹೊರಟವರು ಮೊದಲು ಇಲ್ಲಿಂದ ಅಲ್ಲಿಗೆ ಕಳಿಸಬೇಕು. ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು, ಅದು ತಿಂಗಳಿಗೆ 992ರಂತೆ ವಾಪಸ್ ಕೈಗೆ ಸಿಗುತ್ತದೆ. ಕೆಲಸ ಸಿಕ್ಕಿದ ಮೇಲೆ ದಿಕ್ಕು ತಿರುಗುತ್ತದೆ. ಎನ್‌ಆರ್‌ಐ ಆದ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಎನ್‌ಆರ್‌ಒ ಮಾಡಿಸಬೇಕು. ಒಟಿಪಿ ಬರುವ ನಂಬರ್ ಹೊರಗೂ ಜೀವಂತ ಇರಬೇಕು. ನಾಮಿನಿ ಹೆಸರು ಹಾಕಿಸಿ. ಎನ್‌ಆರ್‌ಇ ಖಾತೆಗೆ ಊರಲ್ಲಿರುವ ಅಪ್ಪ ಅಮ್ಮನನ್ನು ಜಂಟಿಯಾಗಿ ಸೇರಿಸಬಹುದು, ಆದರೆ ನೀವಿರುವ ತನಕ ಅವರು ಅದನ್ನು ಬಳಸಬೇಕಾದರೆ ಪವರ್ ಆಫ್ ಅಟಾರ್ನಿ ಬೇಕು. ಮೊದಲ ಸಲ ಸ್ವಲ್ಪವೇ ಕಳಿಸಿ, ಮುಟ್ಟಿತು ಅಂತ ಗೊತ್ತಾದ ಮೇಲೆ ಉಳಿದದ್ದು.

ರೇಟು ಏರಿದರೆ ಸಂತೋಷ ಪಡಬೇಕೋ ಬೇಡವೋ ಅಂತ ನಮಗೆ ಈಗೀಗ ಗೊತ್ತಾಗುವುದಿಲ್ಲ. ಒಂದು ಲಕ್ಷ ರೂಪಾಯಿ ಫೀಸು ಅಂದರೆ 22.75ರಂತೆ ಸುಮಾರು 4,400 ದಿರ್ಹಮ್. ತಿಂಗಳಿಗೆ 3,000 ಕಳಿಸುವವರಿಗೆ ಅದು ಸುಮಾರು ಒಂದೂವರೆ ತಿಂಗಳು. ರೇಟು ಏರಿದರೆ ದಿನಗಳು ಕಡಿಮೆಯಾಗಬೇಕು, ಗಣಿತ ಹಾಗೇ ಹೇಳುತ್ತದೆ. ಮನೆಯಲ್ಲಿ ಮಾತ್ರ ಉಲ್ಟಾ. "ಈಗ ಒಳ್ಳೇ ರೇಟುಂಟು, ಇನ್ನೊಂದು ವರ್ಷ ನಿಲ್ಲುತ್ತೇನೆ" ಅನ್ನುತ್ತಾರೆ ಅಪ್ಪ. ನಮ್ಮ ಎಸ್ಸೆಸ್ಸೆಲ್ಸಿ ಮುಗಿಯಲಿ ಅಂದರು, ಪಿಯುಸಿ ಮುಗಿಯಲಿ ಅಂದರು, ಈಗ ಇಂಜಿನಿಯರಿಂಗ್ ಮುಗಿಯಲಿ ಅನ್ನುತ್ತಿದ್ದಾರೆ.

ಅಪ್ಪ ಖಾಯಂ ಆಗಿ ಊರಿಗೆ ಬಂದರೆ ಎನ್‌ಆರ್‌ಇ ಖಾತೆಯನ್ನು ಮತ್ತೆ ಮಾಮೂಲಿ ಖಾತೆ ಮಾಡಿಸಬೇಕು. ಅದಕ್ಕೊಂದು ಅರ್ಜಿ ಉಂಟು. ಕಳೆದ ರಜೆಯಲ್ಲಿ ಬ್ಯಾಂಕಿಗೆ ಹೋದಾಗ ಮಸ್ಕತ್ ಅಪ್ಪನ ಮಗ ಅದನ್ನು ಕೇಳಿ ತಂದು ಅಮ್ಮನ ಕೈಯಲ್ಲಿ ಕೊಟ್ಟಿದ್ದಾನೆ. ಅಮ್ಮ ಅದನ್ನು ಪಾಸ್‌ಬುಕ್ಕಿನ ಒಳಗೆ ಇಟ್ಟಿದ್ದಾರೆ. ನಮಗಿನ್ನು ನಾಲ್ಕು ಸೆಮಿಸ್ಟರ್ ಬಾಕಿ.