ಕ್ಯಾಪ್ಟನ್ ಕರ್ಕ್ ಕಾದಾಡಿದ ಬಂಡೆ

ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಆಗ್ವಾ ಡುಲ್ಸೆ ಎಂಬ ಪುಟ್ಟ ಊರು ಸಿಗುತ್ತದೆ. ಅದರ ಪಕ್ಕದಲ್ಲೇ, ನೆಲದಿಂದ ಓರೆಯಾಗಿ ಎದ್ದು ಆಕಾಶಕ್ಕೆ ಚೂಪಾಗಿ ಚಾಚಿಕೊಂಡ ಬಂಡೆಗಳಿವೆ. ಹೆಸರು ವಾಸ್ಕೆಸ್ ರಾಕ್ಸ್. 1874ರಲ್ಲಿ ತಿಬುರ್ಸಿಯೊ ವಾಸ್ಕೆಸ್ ಎಂಬ ದರೋಡೆಕೋರ ಪೊಲೀಸರ ಕಣ್ಣು ತಪ್ಪಿಸಿ ಇಲ್ಲಿ ಅಡಗಿದ್ದನಂತೆ. ಮರುವರ್ಷ ಅವನನ್ನು ಗಲ್ಲಿಗೇರಿಸಿದರು. ಹೆಸರು ಬಂಡೆಗೆ ಉಳಿಯಿತು. ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಅವಳು ಹಾಲಿವುಡ್, ಡಿಸ್ನಿಲ್ಯಾಂಡ್ ಎಂದು ಪಟ್ಟಿ ಹಿಡಿದು ನಿಂತಿದ್ದಳು. ನಾನು ಕೇಳಿದ್ದು ಈ ಬಂಡೆಯನ್ನು.

ಕಾರಣ ಹೇಳಬೇಕಾದರೆ ಎಂಬತ್ತರ ದಶಕದ ತುಮಕೂರಿಗೆ ಬರಬೇಕು. ಆಗ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ಬರುತ್ತಿತ್ತು. ಅಮೆರಿಕದಲ್ಲಿ 1966ರಿಂದ 1969ರವರೆಗೆ 79 ಕಂತು ಬಂದು ನಿಂತುಹೋಗಿದ್ದ ಧಾರಾವಾಹಿ ಅದು. ನಮಗೆ ಹೊಚ್ಚ ಹೊಸದು. ಇಡೀ ಬೀದಿಗೆ ಒಂದೇ ಟಿ.ವಿ., ಎದುರು ಮನೆಯಲ್ಲಿ. ಹುಡುಗರಲ್ಲಿ ನಾನೇ ಹಗುರವಾದ್ದರಿಂದ ಹೆಂಚು ಒಡೆಯದಂತೆ ಮಾಡು ಹತ್ತಿ ಆಂಟೆನಾ ತಿರುಗಿಸುವ ಕೆಲಸ ನನ್ನದಾಗಿತ್ತು. "ಇನ್ನೊಂಚೂರು ಎಡಕ್ಕೆ ಕಣೋ!", "ಸಾಕು ಸಾಕು, ಅಲ್ಲೇ ಹಿಡ್ಕೋ!" ಎಂದು ಕೆಳಗಿನಿಂದ ಕೂಗು. ಇಂಗ್ಲಿಷ್ ಸಂಭಾಷಣೆ ಕಾಲು ಭಾಗವೂ ಅರ್ಥವಾಗುತ್ತಿರಲಿಲ್ಲ. ಆದರೂ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲೆಲ್ಲ 'ಎಂಟರ್‌ಪ್ರೈಸ್' ನೌಕೆಯ ಚಿತ್ರಗಳೇ. ಅಪ್ಪನ ಕೈಗೆ ಸಿಕ್ಕಿ ಬೈಸಿಕೊಂಡದ್ದೂ ಆಯಿತು.

'ಅರೀನಾ' ಎಂಬ ಕಂತೊಂದು ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದಲ್ಲಿ ಅದು 1967ರ ಜನವರಿಯಲ್ಲಿ ಬಂದಿತ್ತು. ನೌಕೆಯ ನಾಯಕ ಕರ್ಕ್‌ನನ್ನೂ ಹಲ್ಲಿಮುಖದ ದೈತ್ಯ ಗಾರ್ನ್‌ನನ್ನೂ ಯಾವುದೋ ಬರಡು ಲೋಕದಲ್ಲಿ ಇಳಿಸಿ, ಹೋರಾಡಿರಿ ಎನ್ನುತ್ತಾರೆ. ಕರ್ಕ್ ಬಳಿ ಆಯುಧವಿಲ್ಲ. ಅವನು ಸುತ್ತಲೂ ಹುಡುಕಿ ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿಸಿ ಮದ್ದು ಅರೆದು, ಬಿದಿರಿನ ಫಿರಂಗಿಗೆ ತುಂಬಿ, ಗುಂಡಿನ ಬದಲು ವಜ್ರದ ಹರಳು ಹಾಕಿ ಹಾರಿಸುತ್ತಾನೆ! ಅಲ್ಲಿಯವರೆಗೆ ರಸಾಯನಶಾಸ್ತ್ರವೆಂದರೆ ನನಗೆ ಬಾಯಿಪಾಠ ಮಾಡುವ ಸಂಗತಿಯಾಗಿತ್ತು. ಅದರಿಂದ ಒಬ್ಬ ಮನುಷ್ಯ ಪ್ರಾಣ ಉಳಿಸಿಕೊಳ್ಳಬಹುದು ಎಂದು ಅಂದು ತಿಳಿಯಿತು. ನಾನು ವಿಜ್ಞಾನದ ಮೇಷ್ಟ್ರಾದದ್ದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಮೊದಲ ಕಾರಣ ಇದೇ.

ಕೆಲಸಕ್ಕೆ ಸೇರಿದಂದಿನಿಂದ ದಹನದ ಪಾಠಕ್ಕೆ ಈ ಕಥೆಯೇ ಪೀಠಿಕೆ. ಪೆಟ್ಲುಪ್ಪು ಕಾದಾಗ ಆಮ್ಲಜನಕ ಬಿಡುತ್ತದೆ, ಅದರಿಂದ ಇದ್ದಿಲು ಹೊರಗಿನ ಗಾಳಿಯ ಹಂಗಿಲ್ಲದೆ ಉರಿಯುತ್ತದೆ, ಗಂಧಕ ಬೇಗ ಬೆಂಕಿ ಹಿಡಿಸುತ್ತದೆ ಎಂದೆಲ್ಲ ವಿವರಿಸಿ, "ಹೀಗೆ ಕರ್ಕ್ ಆ ರಾಕ್ಷಸನನ್ನು ಕೊಂದ" ಎಂದು ಮುಗಿಸುತ್ತಿದ್ದೆ. (ಪ್ರಮಾಣವನ್ನು ಎಂದೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. 'ಮಿಥ್‌ಬಸ್ಟರ್ಸ್' ಕಾರ್ಯಕ್ರಮದವರು ಪರೀಕ್ಷಿಸಿ, ಬಿದಿರಿನ ಫಿರಂಗಿ ನಡೆಯುವ ಮಾತಲ್ಲ ಎಂದು ತೋರಿಸಿದ್ದಾರೆ. ಹುಡುಗರು ದಯವಿಟ್ಟು ಗಮನಿಸಬೇಕು.)

ಬಂಡೆಗೆ ಹೊರಡುವ ಹಿಂದಿನ ರಾತ್ರಿ ಮಗಳು ಆ ಕಂತನ್ನು ಹಾಕಿದಳು. ಉಳಿದವನ್ನು ಎಷ್ಟೋ ಸಲ ನೋಡಿದ್ದೆ. ಇದೊಂದನ್ನು ಮಾತ್ರ, ಕಂಠಪಾಠವಾಗಿದೆಯಲ್ಲ ಎಂದು ಬಿಟ್ಟಿದ್ದೆ. ಫಿರಂಗಿ ಸಿಡಿಯಿತು, ಗಾರ್ನ್ ಬಿದ್ದ. ಕರ್ಕ್ ಅವನದೇ ಚೂರಿಯನ್ನು ಅವನ ಕೊರಳಿಗೆ ಹಿಡಿದ. ಆಮೇಲೆ ಕೈ ತಡೆದ. ನಾವು ಅವರ ನೆಲಕ್ಕೆ ನುಗ್ಗಿದೆವೆಂದೇ ಅವರು ನಮ್ಮ ಮೇಲೆ ಬಿದ್ದಿರಬಹುದು ಎಂದು ಹೇಳಿ, ಕೊಲ್ಲಲು ಒಪ್ಪದೆ ಚೂರಿಯನ್ನು ಎಸೆದುಬಿಟ್ಟ.

"ಅಪ್ಪಾ, ಕೊಂದ ಅಂತ ನಮಗೆಲ್ಲ ಹೇಳಿದ್ರಲ್ಲ?" ಎಂದಳು ಮಗಳು. ಅವಳೂ ನನ್ನ ತರಗತಿಯಲ್ಲಿ ಕೂತವಳೇ. ನನಗೆ ಉತ್ತರ ಹೊಳೆಯಲಿಲ್ಲ. ಬಹುಶಃ ಆ ಭಾನುವಾರ ಕೊನೆಯ ಐದು ನಿಮಿಷ ನಾನು ಮಾಡಿನ ಮೇಲಿದ್ದೆ. ಕಾಣದ್ದನ್ನು ನನ್ನ ತಲೆಯೇ ತುಂಬಿಕೊಂಡಿತು. ಕಂಡೆ ಎಂದೇ ನಂಬಿದೆ.

ಮರುದಿನ ಆ ಮುಜುಗರವನ್ನು ಹೊತ್ತುಕೊಂಡೇ ಬಂಡೆಯ ಬುಡದಲ್ಲಿ ನಿಂತೆ. ಚಿಕ್ಕಂದಿನಲ್ಲಿ ಇದು ಸ್ಟುಡಿಯೊದಲ್ಲಿ ಗಾರೆ ಮೆತ್ತಿ ಮಾಡಿದ್ದಿರಬೇಕು ಎಂದುಕೊಂಡಿದ್ದೆ; ಬಂಡೆ ಇಷ್ಟು ಓರೆಯಾಗಿ ನಿಲ್ಲುವುದುಂಟೆ? ಹತ್ತಿರದಿಂದ ನೋಡಿದರೆ ಮರಳುಗಲ್ಲು. ನಡುನಡುವೆ ಹಲಸಿನ ಬೀಜದಷ್ಟು, ತೆಂಗಿನಕಾಯಿಯಷ್ಟು ಗಾತ್ರದ ಕಲ್ಲುಗಳು ಹುದುಗಿವೆ. ಪ್ರವಾಹಗಳು ಬೆಟ್ಟದಿಂದ ತಂದು ಪದರ ಪದರವಾಗಿ ಹರಡಿದ ಮಣ್ಣುಮರಳು ಗಟ್ಟಿಯಾಗಿ, ಆಮೇಲೆ ಭೂಮಿಯ ಬಿರುಕುಗಳ ಒತ್ತಡಕ್ಕೆ ಓರೆಯಾಗಿ ಮೇಲೆದ್ದಿದೆ. ಕ್ಯಾಲಿಫೋರ್ನಿಯವನ್ನು ಆಗಾಗ ನಡುಗಿಸುವ ಸಾನ್ ಆಂಡ್ರಿಯಾಸ್ ಬಿರುಕು ಇಲ್ಲಿಂದ ದೂರವಿಲ್ಲ. ಕಲ್ಲಿನ ಕೆಂಪು ಕಬ್ಬಿಣದ ತುಕ್ಕಿನದು.

ಇದರ ವಯಸ್ಸು ಸುಮಾರು 2.5 ಕೋಟಿ ವರ್ಷ. 'ಶೋಲೆ' ಚಿತ್ರೀಕರಣವಾದ ನಮ್ಮ ರಾಮನಗರದ ಬಂಡೆಗಳಿಗೆ ಸುಮಾರು 250 ಕೋಟಿ. ಗಬ್ಬರ್ ಸಿಂಗ್ ಓಡಾಡಿದ ಬಂಡೆಯ ಮುಂದೆ ಗಾರ್ನ್ ಓಡಾಡಿದ ಬಂಡೆ ಮೊಮ್ಮಗುವೂ ಅಲ್ಲ! ಲೆಕ್ಕ ಕೇಳಿ ಮಗಳು ನಕ್ಕಳು.

ಒಂದು ಬದಿ ಇಳಿಜಾರಾದ್ದರಿಂದ ಐವತ್ತು ದಾಟಿದವರೂ ಹತ್ತಬಹುದು. ಇನ್ನೊಂದು ಬದಿ ನೇರ ಪ್ರಪಾತ. ನಮ್ಮ ಹಾಗೆಯೇ ಬಂದಿದ್ದ ಇಬ್ಬರು ಮಧ್ಯವಯಸ್ಕರು ಕರ್ಕ್‌ನಂತೆ, ಗಾರ್ನ್‌ನಂತೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೂ ಆಸೆಯಾಯಿತು. ಮಗಳ ಮುಖ ನೋಡಿ ಸುಮ್ಮನಾದೆ.

ಅದೇ ಹೆದ್ದಾರಿಯಲ್ಲಿ ಇನ್ನೂ ಅರ್ಧ ಗಂಟೆ ಮುಂದೆ ಹೋದರೆ ಪಾಮ್‌ಡೇಲ್. 1976ರ ಸೆಪ್ಟೆಂಬರ್ 17ರಂದು ನಾಸಾದ ಮೊದಲ ಷಟಲ್ ನೌಕೆಯನ್ನು ಅಲ್ಲಿ ಜನರಿಗೆ ತೋರಿಸಿದರು. 'ಕಾನ್‌ಸ್ಟಿಟ್ಯೂಶನ್' ಎಂದು ಹೆಸರಿಡಬೇಕಿತ್ತು. ಧಾರಾವಾಹಿಯ ಅಭಿಮಾನಿಗಳು ಅಧ್ಯಕ್ಷ ಫೋರ್ಡ್ ಅವರಿಗೆ ಸಾವಿರಾರು ಪತ್ರ ಬರೆದು 'ಎಂಟರ್‌ಪ್ರೈಸ್' ಎಂದು ಇಡಿಸಿದರು. ನಟರೂ ಬಂದು ನಿಂತಿದ್ದರು. ಪಾಪ, ಆ ನೌಕೆ ಪರೀಕ್ಷೆಗಳಿಗಷ್ಟೇ ಬಳಕೆಯಾಯಿತು, ಅಂತರಿಕ್ಷಕ್ಕೆ ಒಮ್ಮೆಯೂ ಹೋಗಲಿಲ್ಲ. ಈಗ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ.

ಶಾಲೆ ತೆರೆದ ಮೇಲೆ ದಹನದ ಪಾಠ ಬಂತು. ಕಥೆ ಹೇಳಿದೆ, ಈ ಸಲ ಕರ್ಕ್ ಚೂರಿ ಎಸೆದ ಎಂದು ಮುಗಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ನಮ್ಮಕ್ಕಂಗೆ ಹೇಳ್ದಾಗ ಅವನು ಸತ್ತೋಗಿದ್ನಂತಲ್ಲ?"

"ಸಾಯಲಿಲ್ಲ ಕಣಪ್ಪಾ, ನಾನು ತಪ್ಪು ಹೇಳಿದ್ದೆ. ಇವತ್ತು ಮನೆಗೆ ಹೋದ ತಕ್ಷಣ ಅಕ್ಕನಿಗೆ ಹೇಳು" ಎಂದೆ.