ನೀರು ಮಾರುತ್ತಿದ್ದ ಹುಡುಗಿಯ ಮುಖ

2025ರ ಏಪ್ರಿಲ್ 17ರ ಬೆಳಿಗ್ಗೆ ಮನಿಲಾದ ನನ್ನ ಸಹೋದ್ಯೋಗಿಯಿಂದ ಒಂದು ಸಣ್ಣ ಸಂದೇಶ ಬಂದಿತ್ತು. ನಮ್ಮ ಸೂಪರ್‌ಸ್ಟಾರ್ ತೀರಿಕೊಂಡರು, ಅಮ್ಮ ರಾತ್ರಿಯೆಲ್ಲ ಅಳುತ್ತಿದ್ದಾಳೆ ಎಂದು. ಪುಣೆಯ ಹಿಂಜವಡಿಯಲ್ಲಿ ಕೂತು ನಾನು ಮಾಡುವ ಕೆಲಸದ ಅರ್ಧ ತಂಡ ಮನಿಲಾದಲ್ಲಿದೆ. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಅಲ್ಲಿನ ಮಳೆ, ಟ್ರಾಫಿಕ್ಕು, ಹಬ್ಬದ ರಜೆಗಳೆಲ್ಲ ನನಗೆ ಕಂಠಪಾಠ. ಆದರೆ ಸೂಪರ್‌ಸ್ಟಾರ್ ಎಂದರೆ ಯಾರು? ನಮಗೆ ಆ ಮಾತು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಬೆಂಗಳೂರಿನಿಂದ ಚೆನ್ನೈಗೆ ಹೋದ ಕಂಡಕ್ಟರ್. ಫಿಲಿಪೀನ್ಸಿನಲ್ಲಿ ಆ ಪದವನ್ನು ಹೆಸರಿಲ್ಲದೆ ಹೇಳಿದರೆ ಒಬ್ಬಳೇ, ನೋರಾ ಔನೋರ್.

ಸಹೋದ್ಯೋಗಿಯ ತಾಯಿ ಹನ್ನೆರಡು ವರ್ಷ ಹಾಂಗ್‌ಕಾಂಗಿನಲ್ಲಿ ಮನೆಗೆಲಸ ಮಾಡಿ ಮಕ್ಕಳನ್ನು ಓದಿಸಿದಾಕೆ. ಅಂಥ ಗಟ್ಟಿ ಹೆಂಗಸು ಒಬ್ಬ ಸಿನಿಮಾ ನಟಿಗಾಗಿ ರಾತ್ರಿಯೆಲ್ಲ ಯಾಕೆ ಅಳಬೇಕು ಎಂಬ ಕುತೂಹಲಕ್ಕೆ ನಾನು ನೋರಾಳ ಚಿತ್ರಗಳನ್ನು ಹುಡುಕಿ ನೋಡತೊಡಗಿದೆ. ಒಂದಾದ ಮೇಲೊಂದು ನೋಡುತ್ತಾ ಹೋದಂತೆ ಆ ಅಳುವಿಗೆ ಕಾರಣ ಸಿಕ್ಕಿತು. ಊರು ಬಿಟ್ಟು ಬಂದವರಾದ ನಮಗೂ ಅದರಲ್ಲಿ ಏನೋ ಇದೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನೋರಾ ಹುಟ್ಟಿದ್ದು 1953ರ ಮೇ 21ರಂದು, ಬಿಕೋಲ್ ಪ್ರಾಂತ್ಯದ ಇರಿಗಾ ಎಂಬ ಊರಿನಲ್ಲಿ. ನಿಜವಾದ ಹೆಸರು ನೋರಾ ವಿಲ್ಯಮಾಯೋರ್. ಬಡ ಕುಟುಂಬ. ಚಿಕ್ಕವಳಿದ್ದಾಗ ಊರಿನ ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ನೀರು ಮಾರುತ್ತಿದ್ದಳು. ಕಂಠ ಚೆನ್ನಾಗಿತ್ತು. 1967ರಲ್ಲಿ 'ತವಾಗ್ ನಾಂಗ್ ತಂಘಾಲನ್' ಎಂಬ ದೊಡ್ಡ ಹಾಡಿನ ಸ್ಪರ್ಧೆ ಗೆದ್ದಳು. ಅದೇ ವರ್ಷ ಸಂಪಗೀತಾ ಪಿಕ್ಚರ್ಸ್ ಅವಳನ್ನು ಸಿನಿಮಾಕ್ಕೆ ಕರೆದುಕೊಂಡಿತು.

ಅಲ್ಲಿನ ತೆರೆಯ ಮೇಲೆ ಆಗ ಇದ್ದ ಮುಖಗಳನ್ನು ನೋಡಿದರೆ ಇದೆಂಥ ವಿಚಿತ್ರ ಎಂಬುದು ಗೊತ್ತಾಗುತ್ತದೆ. ಸ್ಪೇನಿನವರು ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದ, ಆಮೇಲೆ ಅಮೆರಿಕನ್ನರು ಆಳಿದ ದೇಶ ಅದು. ನಾಯಕಿ ಎಂದರೆ ಎತ್ತರವಾಗಿ, ಬೆಳ್ಳಗೆ, ಚೂಪು ಮೂಗಿನವಳಾಗಿ, ಅರ್ಧ ಯುರೋಪಿನ ರಕ್ತದವಳಂತೆ ಕಾಣಬೇಕು. ನೋರಾ ಗಿಡ್ಡ, ಬಣ್ಣ ಕಪ್ಪು. ಮಾತು ಕಡಿಮೆ. ಅಂಥವಳು ಟಿರ್ಸೋ ಕ್ರೂಸ್ ಎಂಬ ಬಿಳಿ ಮೈಬಣ್ಣದ ಹುಡುಗನಿಗೆ ಜೋಡಿಯಾಗಿ ನಿಂತಳು, ಜನ ಥಿಯೇಟರಿಗೆ ಮುಗಿಬಿದ್ದರು. ಅವಳ ಅಭಿಮಾನಿಗಳಿಗೆ ನೋರಾನಿಯನ್ ಎಂದೇ ಹೆಸರು. ಎದುರು ಪಕ್ಷ ವಿಲ್ಮಾ ಸಾಂತೋಸ್ ಅಭಿಮಾನಿಗಳಾದ ವಿಲ್ಮಾನಿಯನ್ನರದು. ನಮ್ಮ ರಾಜ್-ವಿಷ್ಣು ಜಗಳ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. 'ಸೂಪರ್‌ಸ್ಟಾರ್' ಎಂಬ ಹೆಸರಿನದೇ ಟಿವಿ ಕಾರ್ಯಕ್ರಮವನ್ನು ಅವಳು ವರ್ಷಗಟ್ಟಲೆ ನಡೆಸಿದಳು.

ಅವಳು ಹಾಡಿಕೊಂಡು, ಪ್ರೇಮಕಥೆ ಮಾಡಿಕೊಂಡು ಅಲ್ಲಿಗೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 1972ರಲ್ಲಿ ಫರ್ಡಿನಾಂಡ್ ಮಾರ್ಕೋಸ್ ದೇಶದ ಮೇಲೆ ಮಾರ್ಷಲ್ ಲಾ ಹೇರಿದ. 1974ರ ಕಾರ್ಮಿಕ ಸಂಹಿತೆಯ ಮೂಲಕ ಪ್ರಜೆಗಳನ್ನು ವಿದೇಶಕ್ಕೆ ದುಡಿಯಲು ಕಳಿಸುವುದೇ ಸರ್ಕಾರದ ನೀತಿಯಾಯಿತು. ನೋರಾ ತನ್ನ ಅತ್ಯುತ್ತಮ ಕೆಲಸ ಮಾಡಿದ್ದು ಆ ಕಾಲದಲ್ಲಿ ಮತ್ತು ಅದರ ನಂತರ. ಅವಳು ಆಡಿದ ಪಾತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ವಲಸೆಯ ಇಡೀ ದಾರಿ ಕಾಣಿಸುತ್ತದೆ.

1976ರ 'ಮಿನ್ಸಾಯ್ ಇಸಾಂಗ್ ಗಾಮು-ಗಾಮೋ'ದಲ್ಲಿ ಅವಳು ಅಮೆರಿಕಕ್ಕೆ ಹೋಗಲು ಕಾಗದಪತ್ರ ಸಿದ್ಧ ಮಾಡಿಕೊಳ್ಳುತ್ತಿರುವ ನರ್ಸು. ಅಮೆರಿಕದ ಸೇನಾ ನೆಲೆಯ ಪಕ್ಕದ ಊರು ಅವರದು. ಅವಳ ತಮ್ಮನನ್ನು ಒಬ್ಬ ಅಮೆರಿಕನ್ ಸೈನಿಕ ಗುಂಡಿಟ್ಟು ಕೊಲ್ಲುತ್ತಾನೆ, ಕಾಡುಹಂದಿ ಅಂದುಕೊಂಡೆ ಅನ್ನುತ್ತಾನೆ. ನನ್ನ ತಮ್ಮ ಹಂದಿಯಲ್ಲ ಎಂದು ಅವಳು ಕೂಗುವ ದೃಶ್ಯ ಅಲ್ಲಿನ ಮಕ್ಕಳಿಗೂ ಗೊತ್ತು. 1978ರ 'ಆತ್ಸಾಯ್'ನಲ್ಲಿ ಹಳ್ಳಿಯಿಂದ ಮನಿಲಾಕ್ಕೆ ಮನೆಗೆಲಸಕ್ಕೆ ಬರುವ ಹುಡುಗಿ. ಆ ಪದಕ್ಕೆ ಅರ್ಥವೇ ಮನೆಗೆಲಸದವಳು, ತುಸು ತಾತ್ಸಾರದಿಂದ ಹೇಳುವಂಥ ಮಾತು. 1984ರ 'ಮೆರಿಕಾ'ದಲ್ಲಿ ಅವಳು ಕೊನೆಗೂ ಅಮೆರಿಕ ತಲುಪಿದ್ದಾಳೆ. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ನರ್ಸು. ಕೈತುಂಬ ಸಂಬಳವಿದೆ, ಹಿಮ ಬೀಳುತ್ತದೆ, ಮನಸ್ಸು ಮಾತ್ರ ಊರಿನಲ್ಲಿದೆ.

ಆಮೇಲೆ 1995. ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ ಮನೆಗೆಲಸದ ಹೆಂಗಸನ್ನು ಆ ವರ್ಷದ ಮಾರ್ಚ್ 17ರಂದು ಸಿಂಗಾಪುರದಲ್ಲಿ ಗಲ್ಲಿಗೇರಿಸಿದರು. ಇನ್ನೊಬ್ಬ ಫಿಲಿಪಿನೊ ಕೆಲಸದವಳನ್ನೂ ಒಂದು ಮಗುವನ್ನೂ ಕೊಂದ ಆರೋಪ ಅವಳ ಮೇಲಿತ್ತು. ಅವಳು ಮಾಡಿಲ್ಲ ಎಂದೇ ಫಿಲಿಪೀನ್ಸಿನಲ್ಲಿ ಬಹಳ ಜನ ನಂಬಿದ್ದರು. ದೇಶ ಹೊತ್ತಿ ಉರಿಯಿತು, ಎರಡು ಸರ್ಕಾರಗಳ ಸಂಬಂಧ ಕೆಟ್ಟಿತು, ವಲಸೆ ಕಾರ್ಮಿಕರ ರಕ್ಷಣೆಗೆಂದು ಅದೇ ವರ್ಷ ಹೊಸ ಕಾನೂನು ಬಂತು. ಅದೇ ವರ್ಷವೇ ಜೋಯೆಲ್ ಲಮಾಂಗನ್ ಅವಳ ಕಥೆಯನ್ನು ಸಿನಿಮಾ ಮಾಡಿದ. ಫ್ಲೋರ್ ಆಗಿ ನೋರಾ. ಕೈರೋ ಚಿತ್ರೋತ್ಸವದಲ್ಲಿ ಆ ಪಾತ್ರಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಬೇರೆ ಯಾರನ್ನು ಆ ಪಾತ್ರಕ್ಕೆ ಹಾಕಲು ಸಾಧ್ಯವಿತ್ತು? ಸುಮಾರು ಇಪ್ಪತ್ತು ವರ್ಷದಿಂದ ಜನ ಆ ಮುಖವನ್ನು ಊರು ಬಿಟ್ಟುಹೋಗುವ ತಮ್ಮ ಅಕ್ಕತಂಗಿಯರ ಮುಖವಾಗಿ ನೋಡುತ್ತಾ ಬಂದಿದ್ದರು.

ಇಂದಿಗೂ ಹೊರದೇಶದಿಂದ ಬರುವ ಹಣ ಆ ದೇಶದ ಬೆನ್ನೆಲುಬು. 2024ರಲ್ಲಿ ಹಾಗೆ ಬಂದದ್ದು 3,800 ಕೋಟಿ ಡಾಲರಿಗೂ ಹೆಚ್ಚು. ಕಳಿಸಿದವರನ್ನು ಸರ್ಕಾರ ಹೊಸ ವೀರರು ಎಂದು ಕರೆಯುತ್ತದೆ. ನನ್ನ ಸಹೋದ್ಯೋಗಿಯ ತಾಯಿಯೂ ಅಂಥ ಒಬ್ಬ ವೀರಳು. ಹನ್ನೆರಡು ವರ್ಷದಲ್ಲಿ ಮಗಳನ್ನು ಅವಳು ನೋಡಿದ್ದು ಆರು ಸಲ.

ಇಲ್ಲಿ ನಮ್ಮ ಮನೆಯ ಮಾತೊಂದು ಹೇಳಬೇಕು. ನಮ್ಮ ಸೊಸೈಟಿಯಲ್ಲಿ ನಾಲ್ಕು ಮನೆಗಳಿಗೆ ಪಾತ್ರೆ ತೊಳೆಯಲು ಬರುವಾಕೆ ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯವಳು. ಉಳಿದ ಮನೆಯವರಿಗೆ ಅವಳು 'ಮಾವಶಿ', ನನಗೆ ಕಾಕು. ಗಂಡ ಕಟ್ಟಡದ ಕೆಲಸಕ್ಕೆಂದು ಗುಳೆ ಬಂದವನು. ಸೊಲ್ಲಾಪುರದ ಮೇಲೆ ಬರುವ ಅದೇ ರೈಲು ನನ್ನನ್ನೂ ಈ ಊರಿಗೆ ತಂದದ್ದು, ಆದರೆ ನನ್ನ ಚೀಲದಲ್ಲಿ ಆಫರ್ ಲೆಟರ್ ಇತ್ತು. ಒಂದು ಭಾನುವಾರ 'ಆತ್ಸಾಯ್' ನೋಡುತ್ತಾ ಕೂತಿದ್ದಾಗ ಕಾಕು ಕೈ ಒರೆಸಿಕೊಳ್ಳುತ್ತಾ ಬಂದು ಹಿಂದೆ ನಿಂತಳು.

"ಈಕಿ ಹೀರೋಯಿನ್ ಏನ್ರಿ ಅಕ್ಕಾರ? ನಮ್ಮ ತಂಗಿ ಇದ್ದಂಗ ಅದಾಳಲ್ರಿ."

ಹೌದು ಕಾಕು, ದೊಡ್ಡ ಹೀರೋಯಿನ್ ಅಂದೆ. ನಂಬಿಕೆ ಬಂದಂತೆ ಕಾಣಲಿಲ್ಲ. ತೆರೆಯ ಮೇಲೆ ಯಜಮಾನಿ ಬೈಯುತ್ತಿದ್ದಳು, ನೋರಾ ತಲೆ ತಗ್ಗಿಸಿ ನಿಂತಿದ್ದಳು. ಸಬ್‌ಟೈಟಲ್ ಓದಿ ಹೇಳಲೇ ಎಂದು ಕೇಳಿದೆ.

"ಬ್ಯಾಡ್ರಿ. ಭಾಷಾ ತಿಳಿಯೂದಿಲ್ಲ ಖರೆ. ಆದ್ರ ಆಕಿ ಯಾಕ ಸುಮ್ನ ನಿಂತಾಳ ಅಂತ ನನಗ ತಿಳಿತದ."

ನೋರಾಳ ನಟನೆಯ ಬಗ್ಗೆ ವಿಮರ್ಶಕರು ಬಹಳ ಬರೆದಿದ್ದಾರೆ, ಎಲ್ಲರೂ ಹೇಳುವುದು ಅವಳ ಕಣ್ಣುಗಳ ಬಗ್ಗೆ. ಅವಳು ಮಾತಿಗಿಂತ ಮೌನದಲ್ಲಿ ಹೆಚ್ಚು ಹೇಳುತ್ತಾಳೆ ಎಂಬುದು ಅವರ ಮೆಚ್ಚುಗೆ. ಕಾಕು ಹೇಳಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಕೆಲಸ ಹೋದರೆ ತಿಂಗಳ ಬಾಡಿಗೆ ಹೋಗುತ್ತದೆ ಎಂದು ಗೊತ್ತಿದ್ದವಳ ಮೌನ ಅದು. ಬೆಳ್ಳಗಿನ, ಎತ್ತರದ ನಟಿಯೊಬ್ಬಳು ಮುಖಕ್ಕೆ ಮಸಿ ಬಳಿದುಕೊಂಡು ಕೆಲಸದವಳ ಪಾತ್ರ ಮಾಡುವುದನ್ನು ನಾವು ಎಷ್ಟೋ ಹಿಂದಿ ಚಿತ್ರಗಳಲ್ಲಿ ನೋಡಿದ್ದೇವೆ. ಅಲ್ಲಿ ನಮಗೆ ಕಾಣುವುದು ನಟಿಯ ಶ್ರಮ. ಇಲ್ಲಿ ಕಾಕುವಿಗೆ ಕಂಡದ್ದು ತಂಗಿ. ಗುಳೆ ಹೋದ ಹೆಂಗಸಿನ ಕಥೆಯನ್ನು ದೊಡ್ಡ ತಾರೆಯೊಬ್ಬಳು ನಿಂತು ಹೇಳಿದ ಕನ್ನಡ ಚಿತ್ರವೊಂದನ್ನು ನೆನಪಿಸಿಕೊಳ್ಳಲು ಆ ದಿನ ಪ್ರಯತ್ನಿಸಿದೆ. ನನಗೆ ಯಾವುದೂ ನೆನಪಾಗಲಿಲ್ಲ.

ನೋರಾಳ ಚಿತ್ರಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು 1980ರ 'ಬೋನಾ'. ಲೀನೋ ಬ್ರೋಕಾ ನಿರ್ದೇಶನ, ನೋರಾಳದೇ ಸಂಸ್ಥೆಯ ನಿರ್ಮಾಣ. ಮಧ್ಯಮವರ್ಗದ ಮನೆಯ ಹುಡುಗಿ ಬೋನಾ, ಸಿನಿಮಾದಲ್ಲಿ ಚಿಲ್ಲರೆ ಪಾತ್ರ ಮಾಡುವ ಗಾರ್ಡೋ ಎಂಬವನ ಅಭಿಮಾನಿ. ಮನೆ ಬಿಟ್ಟು ಕೊಳೆಗೇರಿಯಲ್ಲಿರುವ ಅವನ ಗುಡಿಸಲು ಸೇರುತ್ತಾಳೆ. ನೀರು ಹೊರುತ್ತಾಳೆ, ಅಡುಗೆ ಮಾಡುತ್ತಾಳೆ, ಅವನ ಸ್ನಾನಕ್ಕೆ ದಿನವೂ ನೀರು ಕಾಯಿಸುತ್ತಾಳೆ. ಅವನು ಬೇರೆ ಹೆಂಗಸರನ್ನು ಅದೇ ಗುಡಿಸಲಿಗೆ ಕರೆತರುತ್ತಾನೆ. ಕೊನೆಗೆ ಅವಳನ್ನು ಬಿಟ್ಟು ಅಮೆರಿಕಕ್ಕೆ ಹೊರಡುತ್ತೇನೆ ಅನ್ನುತ್ತಾನೆ. ಆ ದಿನ ಬೋನಾ ನೀರನ್ನು ಚೆನ್ನಾಗಿ ಕುದಿಸುತ್ತಾಳೆ. ಲಕ್ಷಾಂತರ ಜನ ಹಾಗೆ ಆರಾಧಿಸುತ್ತಿದ್ದ ತಾರೆಯೇ ದುಡ್ಡು ಹಾಕಿ, ಆರಾಧಿಸುವವಳ ಕಡೆಯಿಂದ ಈ ಕಥೆ ಹೇಳಿದ್ದಾಳೆ. 1981ರಲ್ಲಿ ಕಾನ್ ಉತ್ಸವದಲ್ಲಿ ಇದನ್ನು ತೋರಿಸಿದರು. ಚಿತ್ರವನ್ನು ಸಂರಕ್ಷಿಸಿ 2024ರಲ್ಲಿ ಅಲ್ಲೇ ಮತ್ತೆ ತೋರಿಸಿದರು.

ಎರಡು ವರ್ಷದ ಮೇಲೆ ಬಂದ 'ಹಿಮಾಲಾ' ಅವಳ ಅತಿ ಪ್ರಸಿದ್ಧ ಚಿತ್ರ. ಪದದ ಅರ್ಥ ಪವಾಡ. ಇಶ್ಮಾಯೆಲ್ ಬೆರ್ನಾಲ್ ನಿರ್ದೇಶಕ, ರಿಕಿ ಲೀ ಚಿತ್ರಕಥೆ. ಬರಗಾಲದ ಊರಿನಲ್ಲಿ ಎಲ್ಸಾ ಎಂಬ ಹುಡುಗಿ ಮೇರಿಮಾತೆ ಕಾಣಿಸಿಕೊಂಡಳು ಅನ್ನುತ್ತಾಳೆ. ರೋಗಿಗಳು ಬರುತ್ತಾರೆ, ಯಾತ್ರಿಕರು ಬರುತ್ತಾರೆ, ಅವರ ಹಿಂದೆ ಲಾಡ್ಜು, ಅಂಗಡಿ, ಕ್ಯಾಬರೆ ಎಲ್ಲ ಬರುತ್ತವೆ. ಬರಪೀಡಿತ ಹಳ್ಳಿ, ರಾತ್ರೋರಾತ್ರಿ ಎದ್ದ ದೇವಮಹಿಳೆ ಎಂದರೆ ನಮಗೇನು ಹೊಸದಲ್ಲ. ಕೊನೆಯಲ್ಲಿ ಎಲ್ಸಾ ಬೋಳುಗುಡ್ಡದ ಮೇಲೆ ಸಾವಿರಾರು ಜನರ ಮುಂದೆ ನಿಂತು, ಪವಾಡ ಎಂಬುದಿಲ್ಲ, ಅದು ಇರುವುದು ಮನುಷ್ಯರ ಹೃದಯದಲ್ಲಿ, ದೇವರುಗಳನ್ನು ಮಾಡುವವರೂ ನಾವೇ ಎಂದು ಹೇಳುತ್ತಾಳೆ. ಗುಂಡು ಹಾರುತ್ತದೆ. ಜನ ಆಗಲೂ ಅವಳನ್ನು ದೇವರೆಂದೇ ಕೂಗುತ್ತಾರೆ. ಮಾರ್ಕೋಸ್ ಆಡಳಿತ ಹುಟ್ಟುಹಾಕಿದ ಸಂಸ್ಥೆಯ ಹಣದಿಂದಲೇ ಈ ಚಿತ್ರ ತಯಾರಾದದ್ದು ಒಂದು ಸೋಜಿಗ. 1983ರಲ್ಲಿ ಬರ್ಲಿನ್ ಉತ್ಸವದ ಸ್ಪರ್ಧೆಗೆ ಹೋಯಿತು.

ಇಷ್ಟು ವಲಸೆಗಾರರ ಪಾತ್ರ ಮಾಡಿದವಳು ಕೊನೆಗೆ ತಾನೂ ವಲಸೆ ಹೋದಳು. ಸುಮಾರು ಎಂಟು ವರ್ಷ ಅಮೆರಿಕದಲ್ಲಿದ್ದಳು. 2005ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಮಾದಕವಸ್ತುವಿನ ಆರೋಪದ ಮೇಲೆ ಬಂಧನವಾಯಿತು. ಪ್ರಕರಣ ಆಮೇಲೆ ವಜಾ ಆಯಿತು. 2010ರಲ್ಲಿ ಜಪಾನಿನಲ್ಲಿ ಮಾಡಿಸಿಕೊಂಡ ಸೌಂದರ್ಯ ಚಿಕಿತ್ಸೆಯೊಂದು ಕೆಟ್ಟು, ಹೆಸರು ತಂದುಕೊಟ್ಟಿದ್ದ ಹಾಡಿನ ಕಂಠವೇ ಹೋಯಿತು. 2011ರಲ್ಲಿ ಊರಿಗೆ ಮರಳಿ ಟಿವಿ ಧಾರಾವಾಹಿಯಿಂದ ಮತ್ತೆ ಶುರು ಮಾಡಿದಳು.

ಮರುವರ್ಷ ಬ್ರಿಲಾಂಟೆ ಮೆಂಡೋಜಾ ನಿರ್ದೇಶನದ 'ದೈ ವೂಮ್' ಬಂತು. ದಕ್ಷಿಣದ ತಾವಿ-ತಾವಿ ದ್ವೀಪಗಳಲ್ಲಿ ಸಮುದ್ರದ ಮೇಲೆ ಬದುಕುವ ಬಜಾವ್ ಸಮುದಾಯದ ಸೂಲಗಿತ್ತಿ ಶಲೇಹಾ. ಊರಿಗೆಲ್ಲ ಹೆರಿಗೆ ಮಾಡಿಸುವ ಅವಳಿಗೆ ಮಕ್ಕಳಿಲ್ಲ. ಗಂಡನಿಗೆ ಎರಡನೆಯ ಹೆಂಡತಿಯನ್ನು ಅವಳೇ ಹುಡುಕುತ್ತಾಳೆ. ಮಗು ಹುಟ್ಟಿದ ಮೇಲೆ ಮೊದಲ ಹೆಂಡತಿಯನ್ನು ಬಿಡಬೇಕು ಎಂಬುದು ಆ ಹುಡುಗಿಯ ಷರತ್ತು. ಆ ಮಗುವಿನ ಹೆರಿಗೆ ಮಾಡಿಸುವವಳೂ ಶಲೇಹಾಳೇ. ಆಗ ನೋರಾ ಏನೂ ಹೇಳುವುದಿಲ್ಲ, ಆ ಮುಖ ನೋಡುತ್ತಾ ನಾನು ಲ್ಯಾಪ್‌ಟಾಪ್ ನಿಲ್ಲಿಸಿ ಸ್ವಲ್ಪ ಹೊತ್ತು ಬಾಲ್ಕನಿಗೆ ಹೋಗಬೇಕಾಯಿತು. ಏಷ್ಯನ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಅವಳಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟದ್ದು ಈ ಪಾತ್ರಕ್ಕೆ.

ರಾಷ್ಟ್ರೀಯ ಕಲಾವಿದೆ ಎಂಬ ಅತ್ಯುನ್ನತ ಗೌರವಕ್ಕೆ 2014ರಲ್ಲಿ ಅವಳ ಹೆಸರು ಶಿಫಾರಸಾಗಿತ್ತು. ಆಗಿನ ಅಧ್ಯಕ್ಷ ಬೆನಿಗ್ನೊ ಆಕಿನೊ ಆ ಹಳೆಯ ಮಾದಕವಸ್ತು ಪ್ರಕರಣದ ಕಾರಣ ಹೇಳಿ ಕೈಬಿಟ್ಟರು. ಗೌರವ ಸಿಕ್ಕಿದ್ದು 2022ರಲ್ಲಿ, 'ಹಿಮಾಲಾ' ಬರೆದ ರಿಕಿ ಲೀ ಜೊತೆಗೇ. ಮೂರು ವರ್ಷದ ಮೇಲೆ, 71ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದೊಂದಿಗೆ ವೀರರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ದಿನ ಸಹೋದ್ಯೋಗಿಯ ತಾಯಿ ಹೋಗಿದ್ದಳಂತೆ, ಹಾಂಗ್‌ಕಾಂಗಿನಲ್ಲಿ ಜೊತೆಗೆ ದುಡಿದ ಇಬ್ಬರು ಗೆಳತಿಯರ ಸಂಗಡ.

ನೀವು ನೋರಾಳ ಒಂದೇ ಚಿತ್ರ ನೋಡುವುದಾದರೆ ಎಲ್ಲರೂ 'ಹಿಮಾಲಾ' ಅನ್ನುತ್ತಾರೆ. ನಾನು 'ಬೋನಾ' ಅನ್ನುತ್ತೇನೆ. ಮನೆಯಲ್ಲಿ ಕೆಲಸಕ್ಕೆ ಬರುವವರು ಕನ್ನಡದವರಾಗಿದ್ದರೆ, ಅವರಿಗೆ ಬಿಡುವಿದ್ದರೆ, ಜೊತೆಗೆ ಕೂರಿಸಿಕೊಂಡೇ ನೋಡಿ. ನನಗೆ ಸಬ್‌ಟೈಟಲ್ ಬೇಕಾಗಿತ್ತು, ಕಾಕುವಿಗೆ ಬೇಕಾಗಿರಲಿಲ್ಲ.