ಲೆಕ್ಕವನ್ನು ಹುಡುಕಿಕೊಂಡು ಹೋದೆವು

ದೀಪಾವಳಿ ರಜೆ ಬಂದರೆ ನಮ್ಮವರು ದ್ವಾರಕೆಗೋ ಸೋಮನಾಥಕ್ಕೋ ಹೊರಡುವುದು ವಾಡಿಕೆ. ನಾವು ಮಾತ್ರ ಈ ಸಲ ಲೆಕ್ಕವನ್ನು ಹುಡುಕಿಕೊಂಡು ಹೊರಟೆವು. ನಾಲ್ಕನೆಯ ಇಯತ್ತೆಯ ನಮ್ಮ ಹುಡುಗನಿಗೆ ಗಣಿತವೆಂದರೆ ಹೊಟ್ಟೆನೋವು. ಬೈದೆವು, ಮಗ್ಗಿ ಬರೆಸಿದೆವು. ಹೊಟ್ಟೆನೋವು ಹೆಚ್ಚಿತೇ ಹೊರತು ಅಂಕ ಹೆಚ್ಚಲಿಲ್ಲ. ಹುಡುಗ ಪ್ರಶ್ನೆ ಕೇಳುವುದನ್ನೇ ಬಿಟ್ಟಾಗ ನಮಗೆ ಭಯವಾಯಿತು.

ಅಹಮದಾಬಾದಿನ ನವರಂಗಪುರದಲ್ಲಿ ವಿಕ್ರಮ್ ಸಾರಾಭಾಯಿ ಕಮ್ಯುನಿಟಿ ಸೈನ್ಸ್ ಸೆಂಟರ್ ಇದೆ. ಮಕ್ಕಳು ವಿಜ್ಞಾನವನ್ನು ಬಾಯಿಪಾಠ ಮಾಡದೆ ಕೈಯಾರೆ ಮಾಡಿ ಕಲಿಯಲೆಂದು ಸಾರಾಭಾಯಿಯವರು 1960ರ ದಶಕದಲ್ಲಿ ಆರಂಭಿಸಿದ ಸಂಸ್ಥೆಯಿದು. 1968ರ ಡಿಸೆಂಬರಿನಲ್ಲಿ ಇದರ ಶಂಕುಸ್ಥಾಪನೆ ಮಾಡಿದವರು ನಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದ ಸಿ. ವಿ. ರಾಮನ್ನರು. ಸಾರಾಭಾಯಿಯವರು ತಾರುಣ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಮಾರ್ಗದರ್ಶನದಲ್ಲೇ ಸಂಶೋಧನೆ ನಡೆಸಿದ್ದರು. 80 ತುಂಬಿದ್ದ ಆ ಗುರುಗಳು ಅಂದು ಮಾತನಾಡಲು ಆರಿಸಿಕೊಂಡ ವಿಷಯವೇನು ಬಲ್ಲಿರಾ? ಆಕಾಶ ನೀಲಿಯಾಗಿರುವುದು ಏಕೆ ಎಂಬ ಮಕ್ಕಳ ಪ್ರಶ್ನೆ!

ಗಣಿತಕ್ಕೂ ಇಲ್ಲಿ ಪ್ರಯೋಗಶಾಲೆ ಇರುವುದನ್ನು ಕೇಳಿ ಹುಡುಗ ಬೆರಗಾದ. “ಅಪ್ಪಾ, ಲೆಕ್ಕಾನೂ ಮುಟ್ಟಿ ನೋಡಬಹುದೇನು?” ಎಂದ. ಬಹಳ ದಿನಗಳ ಮೇಲೆ ಅವನು ಕೇಳಿದ ಪ್ರಶ್ನೆ ಅದು.

ವಡೋದರೆಗೆ ಸುಮಾರು 100 ಕಿಲೋಮೀಟರು ರೈಲಿನ ದಾರಿ. ಹಳಿಯ ಪಕ್ಕದ ಕಿಲೋಮೀಟರು ಫಲಕಗಳನ್ನು ತೋರಿಸಿ, ಕೈಗಡಿಯಾರವನ್ನು ಅವನ ಕೈಗಿತ್ತೆವು. ಒಂದು ಫಲಕದಿಂದ ಇನ್ನೊಂದಕ್ಕೆ 40 ಸೆಕೆಂಡು. ಗಂಟೆಗೆ 3600 ಸೆಕೆಂಡಾದರೆ? ಅಂಗೈಯ ಮೇಲೆ ಬೆರಳಿನಿಂದಲೇ ಭಾಗಾಕಾರ ಮಾಡಿ “ತೊಂಬತ್ತು!” ಎಂದು ಕೂಗಿದ. ಎದುರು ಕುಳಿತಿದ್ದ ಗುಜರಾತಿ ಅಜ್ಜನವರು ಮೆಚ್ಚಿ ಖಾಕ್ರಾ ಕೊಟ್ಟರು.

ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1906ರಲ್ಲೇ ತಮ್ಮ ರಾಜ್ಯಕ್ಕೆಲ್ಲ ತಂದ ಸಯಾಜಿರಾವ್ ಮಹಾರಾಜರ ಊರು ವಡೋದರೆ. ಸಯಾಜಿ ಬಾಗಿನ ವಸ್ತುಸಂಗ್ರಹಾಲಯದಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರವಿದೆ. ಉದ್ದ ಸುಮಾರು 70 ಅಡಿ. ಅದರ ಪಕ್ಕದಲ್ಲಿ ಹೆಜ್ಜೆ ಹಾಕಿ ಅಳೆದೆವು. ನಮಗೆ 28 ಹೆಜ್ಜೆ, ಹುಡುಗನಿಗೆ 43. “ಯಾರದು ಖರೇ?” ಎಂದು ಕೇಳಿದ. ಇಬ್ಬರದೂ ಖರೆಯೇ, ಹೆಜ್ಜೆ ಬೇರೆ, ತಿಮಿಂಗಿಲ ಒಂದೇ. ಎಲ್ಲರಿಗೂ ಒಂದೇ ಅಳತೆಗೋಲು ಏಕೆ ಬೇಕೆಂದು ಅವನೇ ವಿವರಿಸತೊಡಗಿದ. ಪುಸ್ತಕದ ಎರಡು ಪುಟಗಳು ಹೇಳಲಾರದ್ದನ್ನು ಆ ಮೂಳೆಗಳು ಹೇಳಿಕೊಟ್ಟಿದ್ದವು.

ಸೂರತ್‌ನಲ್ಲಿ ಬಂಧುಗಳ ಮನೆ. ವಜ್ರಕ್ಕೆ ಸಾಣೆ ಹಿಡಿಯುವ ಈ ಊರಿನಲ್ಲಿ ಬೆಳಕಿನ ಆಟಕ್ಕೇನು ಕೊರತೆ? ರಾತ್ರಿ ದೀಪ ಆರಿಸಿ, ಗಾಜಿನ ಲೋಟದ ನೀರಿಗೆ ಕೆಲವು ತೊಟ್ಟು ಹಾಲು ಬೆರೆಸಿ, ಒಂದು ಬದಿಯಿಂದ ಬ್ಯಾಟರಿ ಹಿಡಿದೆವು. ಪಕ್ಕದಿಂದ ನೋಡಿದರೆ ನೀರಿಗೆ ತಿಳಿನೀಲಿಯ ಛಾಯೆ. ಎದುರಿನಿಂದ ನೋಡಿದರೆ ಬೆಳಕು ಹಳದಿಗೆಂಪು. ಆಕಾಶವೇ ಲೋಟಕ್ಕೆ ಇಳಿದಂತಿತ್ತು.

ಹುಡುಗ ಕೂಡಲೇ ಧಾರವಾಡದ ಅಜ್ಜಿಗೆ ಫೋನು ಮಾಡಿದ. ಶಾಲೆಯ ಇಂಗ್ಲಿಷು ಅಜ್ಜಿಗೆ ತಿಳಿಯದು. ‘ಚದುರುವುದು’ ಎಂಬ ಕನ್ನಡ ಇವನಿಗೆ ತಿಳಿಯದು. ಕೊಂಚ ತಡವರಿಸಿ, “ಅಜ್ಜೀ, ನೀ ರೊಟ್ಟಿ ಬಡಿಯುವಾಗ ಹಿಟ್ಟು ಸುತ್ತಲೂ ಹಾರ್ತದಲ್ಲ, ಹಂಗ ನೀಲಿ ಬೆಳಕು ಎಲ್ಲಾ ಕಡೆ ಹಾರ್ತದ” ಎಂದ.

“ಹಂಗಾದ್ರ ಸಂಜೀಮುಂದ ಆಕಾಶ ಕೆಂಪ್ಯಾಕ ಆಗ್ತದೋ ಮಗಾ?”

“ಆವಾಗ ಬೆಳಕು ಭಾಳ ದೂರದಿಂದ ಬರ್ತದ ಅಜ್ಜಿ. ನೀಲಿ ದಾರ್‍ಯಾಗ ಚೆಲ್ಲಿ ಹೋಗಿ, ಕೆಂಪು ಉಳೀತದ.”

ಅಜ್ಜಿ ಬಹಳ ಹೊತ್ತು ನಕ್ಕರು. ನಮಗೆ ಮಾತು ಹೊರಡಲಿಲ್ಲ. ಪರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಉಳಿಸುವುದು ಹೇಗೆಂದು ಚಿಂತಿಸುವ ವಾಚಕ ಬಂಧುಗಳೇ, ಒಂದು ಲೋಟ ನೀರು, ಎರಡು ತೊಟ್ಟು ಹಾಲು ಸಾಕು, ಕೇಳುವುದಕ್ಕೆ ಅಜ್ಜಿಯೊಬ್ಬರಿರಲಿ. ಗಣಿತದ ಪರೀಕ್ಷೆ ಇನ್ನೂ ಮುಂದಿದೆ. ಹೊಟ್ಟೆನೋವಿನ ಸುದ್ದಿ ಸದ್ಯಕ್ಕಿಲ್ಲ.